ಮಂಡಿ, ಗಾಲಿ ಮತ್ತು ಪೂಜೆಯ ಮಣೆ



ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಿದೆ. ದಾವಣಗೆರೆಯ ಬೆಳಗು ಈಗ ಮಂಜಿನದು. ಮಂಡಕ್ಕಿ ಭಟ್ಟಿಗಳ ಹೊಗೆ ಮೇಲೇರಲಾರದೆ ಓಣಿಗಳ ಮೇಲೆಯೇ ಹಾಸಿಕೊಂಡಿರುತ್ತದೆ. ಇಂಥ ಚಳಿಯಲ್ಲಿ ಅರವತ್ತಾರು ತುಂಬಿದ ಪ್ರವಚನದ ಮನುಷ್ಯನೊಬ್ಬ ತಲೆಗೆ ಮಫ್ಲರ್ ಸುತ್ತಿ, ಮಂಡಿಗೆ ಉಣ್ಣೆಯ ಪಟ್ಟಿ ಕಟ್ಟಿ, ಹುಡುಗರು ಓಡಿಸುವ ತೆಳುಗಾಲಿಯ ರೇಸ್ ಸೈಕಲ್ಲನ್ನೇರಿ ಹಳೆಯ ಪಿ.ಬಿ. ರಸ್ತೆಯಲ್ಲಿ ಹರಿಹರದ ದಿಕ್ಕಿಗೆ ಹೋಗುತ್ತಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡಿದವರಲ್ಲಿ ಇಬ್ಬರು ಮನೆಗೆ ಫೋನ್ ಮಾಡಿ, "ಗುರುಗಳ ಆರೋಗ್ಯ ಸರಿಯಾಗಿದೆಯೇ?" ಎಂದು ನನ್ನ ಮನೆಯವರನ್ನು ವಿಚಾರಿಸಿದ್ದಾರೆ. ಆದುದರಿಂದ ಈ ತಿಂಗಳ ಅಂಕಣವನ್ನು ಆ ವಿಷಯಕ್ಕೇ ಮೀಸಲಿಡುತ್ತಿದ್ದೇನೆ. ಇದರಲ್ಲಿ ನಾನು ತೀರಿಸಬೇಕಾದ ಹಳೆಯ ಬಾಕಿಯೊಂದೂ ಇದೆ.

ಕಳೆದ ಆಷಾಢದಲ್ಲಿ ಹರಿಹರಕ್ಕೆ ಹೋಗಿದ್ದಾಗ ತುಂಗಭದ್ರೆಯ ದಡದ ಮೆಟ್ಟಿಲುಗಳ ಮೇಲೆ ಕಾಲು ಜಾರಿತು. ಮಳೆಗಾಲದ ಪಾಚಿಯನ್ನು ಕಂಡೂ ಕಾಣದಂತೆ ಇಳಿದದ್ದು ನನ್ನದೇ ಅವಿವೇಕ. ಎಡ ಮಂಡಿಯ ಚಿಪ್ಪು ಅಡ್ಡಲಾಗಿ ಎರಡಾಯಿತು. ವೈದ್ಯರು ಅದನ್ನು ಉಕ್ಕಿನ ಕಡ್ಡಿ ಮತ್ತು ತಂತಿಗಳಿಂದ ಬಿಗಿದರು. ತೊಡೆಯ ಸ್ನಾಯು ಮಂಡಿಚಿಪ್ಪನ್ನು ಸದಾ ಮೇಲಕ್ಕೆ ಎಳೆಯುತ್ತಿರುತ್ತದೆಯಂತೆ. ತಂತಿಯನ್ನು ಚಿಪ್ಪಿನ ಮುಂಭಾಗದಲ್ಲಿ ಹಾಯಿಸಿ ಕಟ್ಟಿದರೆ, ಕಾಲು ಮಡಿಸಿದಾಗ ಅದೇ ಎಳೆತ ಒಡೆದ ಎರಡು ಹೋಳುಗಳನ್ನು ಒಂದಕ್ಕೊಂದು ಒತ್ತುವಂತಾಗುತ್ತದೆ. ಬೇರ್ಪಡಿಸುವ ಬಲವನ್ನೇ ಕೂಡಿಸುವ ಬಲವನ್ನಾಗಿ ತಿರುಗಿಸುವ ಈ ಯುಕ್ತಿಯನ್ನು ಕೇಳಿ ನೋವಿನಲ್ಲಿಯೂ ನನಗೆ ಸಂತೋಷವಾಯಿತು. ಆದರೆ ಆರು ವಾರ ಕಾಲನ್ನು ನೆಟ್ಟಗೆ ಚಾಚಿಯೇ ಇಡಬೇಕಾಯಿತು. ಪಟ್ಟಿ ಬಿಚ್ಚಿದಾಗ ನೋಡುತ್ತೇನೆ, ತೊಡೆ ಸೊರಗಿ ತೋಳಿನಂತಾಗಿತ್ತು, ಮಂಡಿ ಮಡಿಚುತ್ತಲೇ ಇರಲಿಲ್ಲ.

ಮಂಡಿ ಮಡಿಚದವನಿಗೆ ಪೂಜೆಯ ಮಣೆ ದೂರ. ಬಾಲ್ಯದಲ್ಲಿ ಶಿವಯೋಗಮಂದಿರದಲ್ಲಿ ಓದಿದವನು ನಾನು. ಮಲಪ್ರಭೆಯ ದಡದಲ್ಲಿ ನಸುಕಿನಲ್ಲಿ ಮಿಂದು, ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡುವುದನ್ನು ಕಲಿತ ದಿನದಿಂದ ಈ ಆಷಾಢದವರೆಗೆ ನೆಲ ಬಿಟ್ಟು ಪೂಜೆ ಮಾಡಿದ್ದಿಲ್ಲ. ಈಗ ಕುರ್ಚಿಯಲ್ಲಿ ಕುಳಿತು, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಅರ್ಚಿಸಬೇಕಾಯಿತು. ಮೊದಲ ದಿನ ಕಣ್ಣೀರು ಬಂದದ್ದನ್ನು ಮುಚ್ಚಿಡುವುದಿಲ್ಲ.

ಬಾಕಿಯ ಮಾತು ಇಲ್ಲಿಯೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ 'ಕುರ್ಚಿಪೂಜೆ'ಯನ್ನು ಕುರಿತು ನಾನು ಕಟುವಾಗಿ ಬರೆದಿದ್ದೆ. ಸೋಫಾದಲ್ಲಿ ಒರಗಿ ಟೀವಿ ನೋಡುವ ಭಂಗಿಯಲ್ಲೇ ಲಿಂಗಪೂಜೆಯನ್ನೂ ಮುಗಿಸುವ ಕಾಲ ಬಂತು, ಇದು ಸೋಮಾರಿತನ, ಎಂಬ ಅರ್ಥದ ಮಾತುಗಳು ಅವು. ಆ ಸಂಚಿಕೆ ಬಂದ ಮೇಲೆ ಹರಿಹರದ ತಾಯಿಯೊಬ್ಬರು ಕಾರ್ಡು ಬರೆದಿದ್ದರು. ತಮ್ಮ ಎರಡೂ ಮಂಡಿಗಳು ಸವೆದುಹೋಗಿವೆ, ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು, ಹಾಗಾದರೆ ತಮ್ಮ ಪೂಜೆ ಲೆಕ್ಕಕ್ಕಿಲ್ಲವೇ ಎಂದು ಕೇಳಿದ್ದರು. ನಾನು ಉತ್ತರಿಸಲಿಲ್ಲ. ಆಕ್ಷೇಪಣೆಯ ಪತ್ರಗಳ ಕಟ್ಟಿನಲ್ಲಿ ಅದನ್ನೂ ಸೇರಿಸಿಟ್ಟೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕ ಬಿಡಲಿಲ್ಲ, ಲಿಂಗವೇ ಅವರ ಬೆನ್ನು ಹತ್ತಿ ಬಂತು ಎಂಬ ಪ್ರಸಂಗವನ್ನು ನಾನು ಎಷ್ಟೋ ಊರುಗಳಲ್ಲಿ ವಿವರಿಸಿದ್ದೇನೆ. ಲಿಂಗ ಹುಲ್ಲಿನ ಮೆದೆಯವರೆಗೆ ಬಂದದ್ದನ್ನು ಒಪ್ಪಿದ ನನಗೆ ಅದು ಕುರ್ಚಿಯವರೆಗೆ ಬರಬಲ್ಲುದೆಂಬುದು ಮಾತ್ರ ಹೊಳೆದಿರಲಿಲ್ಲ.

ಇನ್ನು ಸೈಕಲ್ಲಿನ ವಿಷಯ.

ಫಿಜಿಯೋಥೆರಪಿಯ ಹೆಣ್ಣುಮಗಳು ಭಾದ್ರಪದದಲ್ಲಿ ಮನೆಗೆ ಬಂದು ಕಾಲನ್ನು ಅಳೆದು, "ಐವತ್ತು ಡಿಗ್ರಿ ಮಡಿಚ್ತಾ ಇದೆ. ಸೈಕಲ್ ತುಳಿಯೋದು ಒಳ್ಳೇದು, ಆದ್ರೆ ಪೆಡಲ್ ಪೂರ್ತಿ ಸುತ್ತು ಬರಬೇಕಂದ್ರೆ ಸುಮಾರು ನೂರಾಹತ್ತು ಬೇಕು" ಎಂದಳು. ನಡೆಯುವಾಗ ದೇಹದ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರವನ್ನು ಸೀಟು ಹೊರುತ್ತದೆ, ಮಂಡಿಗೆ ಚಲನೆ ಮಾತ್ರ ಉಳಿಯುತ್ತದೆ. ಕೀಲಿನೊಳಗಿನ ಮೆತುಮೂಳೆಗೆ ತನ್ನದೇ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಅದರೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಇದೆಲ್ಲವನ್ನು ಆಕೆ ಬಿಡಿಸಿ ಹೇಳಿದಳು.

ನಮ್ಮ ಮನೆಯ ಹಿತ್ತಿಲಲ್ಲಿ ನನ್ನ ಹಳೆಯ ಕರಿಯ ಅಟ್ಲಾಸ್ ಇತ್ತು. ಉಪನ್ಯಾಸಕನಾಗಿದ್ದಾಗ ಕಾಲೇಜಿಗೆ ಹೋಗಿಬರುತ್ತಿದ್ದ ಸೈಕಲ್. (ಆ ಕಂಪನಿಯ ಕೊನೆಯ ಕಾರ್ಖಾನೆ, ಸಾಹಿಬಾಬಾದಿನದು, 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನವಾಗಿತ್ತೆಂಬುದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.) ಇಂಥ ಸೈಕಲ್ಲುಗಳಿಗೆ ಹಿಂಬದಿಯಲ್ಲಿ ಎರಡು ಕಾಲಿನ ಸ್ಟ್ಯಾಂಡಿರುತ್ತದೆ. ಸ್ಟ್ಯಾಂಡ್ ಹಾಕಿದರೆ ಹಿಂಗಾಲಿ ನೆಲದಿಂದ ಮೇಲೆದ್ದು ಬಿಡುವಾಗಿ ತಿರುಗುತ್ತದೆ. ಸಾವಿರಾರು ರೂಪಾಯಿಯ ವ್ಯಾಯಾಮ ಯಂತ್ರವೇಕೆ? ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಅದನ್ನು ನಿಲ್ಲಿಸಿ, ಸ್ಟ್ಯಾಂಡಿನ ಎರಡೂ ಬದಿಗೆ ಇಟ್ಟಿಗೆ ಒಡ್ಡಿ, ಸೀಟನ್ನು ಎತ್ತರಿಸಿ ಸಿದ್ಧಪಡಿಸಿದೆವು. ಸೀಟು ತಗ್ಗಿದ್ದಷ್ಟೂ ಮಂಡಿ ಹೆಚ್ಚು ಮಡಿಚಬೇಕಾಗುತ್ತದೆ, ಚಿಪ್ಪಿನ ಮೇಲೆ ಒತ್ತಡವೂ ಹೆಚ್ಚು. ಮಂಡಿನೋವಿನವರು ಇದನ್ನು ನೆನಪಿನಲ್ಲಿಡಬೇಕು. ಪೆಡಲು ಪೂರ್ತಿ ಕೆಳಗಿರುವಾಗ ಮಂಡಿ ಅಲ್ಪವೇ ಬಾಗಿರಬೇಕು.

ಮೊದಲ ದಿನಗಳಲ್ಲಿ ಸುತ್ತು ಬರಲೇ ಇಲ್ಲ. ಪೆಡಲನ್ನು ಮುಂದಕ್ಕೆ ಅರ್ಧ ತುಳಿದು, ನೋವಿನ ಅಂಚಿಗೆ ಬಂದೊಡನೆ ಹಿಂದಕ್ಕೆ ತಿರುಗಿಸುವುದು, ಮತ್ತೆ ಮುಂದಕ್ಕೆ. ತೊಟ್ಟಿಲು ತೂಗಿದಂತೆ. ನನ್ನ ಮನೆಯವರು ಎದುರಿಗೆ ನಿಂತು ಹ್ಯಾಂಡಲನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಹೀಗೆ ಕೈಯಾಸರೆಯಾಗಿ ನಿಂತದ್ದು ಎಷ್ಟು ಬಾರಿಯೋ. ಅದನ್ನು ಎದುರು ಕುಳಿತು ನೋಡುವ ಅವಕಾಶ ಬಂದದ್ದು ಇದೇ ಮೊದಲು. ಮೂರನೆಯ ದಿನ ನಾನು ಸಿಡುಕಿನಿಂದ, "ಬಿಡು, ನಾನೇ ಮಾಡಿಕೊಳ್ತೇನೆ" ಎಂದೆ. "ಬೀಳ್ರಿ ಹಂಗಾರೆ" ಎಂದರು. ಕೈ ಮಾತ್ರ ಬಿಡಲಿಲ್ಲ. ನವರಾತ್ರಿ ಕಳೆಯಿತು, ದೀಪಾವಳಿ ಬಂತು. ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಎಡಗಾಲು ಮೇಲಕ್ಕೆ ಬಂದು, ಎಂದಿನ ಕಡೆ ತಡೆದು, ನಾನು ಉಸಿರು ಬಿಟ್ಟ ಒಂದು ಕ್ಷಣದಲ್ಲಿ ಆಚೆ ದಾಟಿಹೋಯಿತು. ಚೈನು ಸೆಳೆಯಿತು, ಹಿಂಗಾಲಿ ಗಿರ್ರೆಂದು ತಿರುಗಿತು. ಇಬ್ಬರೂ ಏನೂ ಮಾತನಾಡಲಿಲ್ಲ. ಒಳಗೆ ಹಾಲು ಉಕ್ಕಿದ ವಾಸನೆ ಬಂದಾಗ ಅವರು ಓಡಿದರು.

ಸ್ಟ್ಯಾಂಡಿನ ಮೇಲಿನ ಸವಾರಿ ಮುಗಿಯಿತು, ರಸ್ತೆಗಿಳಿಯಬಹುದೆಂದು ಅನುಮತಿ ಸಿಕ್ಕಿತು. ಆದರೆ ಅಟ್ಲಾಸ್ ಭಾರ. ಸೊರಗಿದ ಕಾಲು ಅದನ್ನು ದಿಣ್ಣೆ ಹತ್ತಿಸಲಾರದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಗ ಬಿಟ್ಟುಹೋದ ರೇಸ್ ಸೈಕಲ್ ಅಟ್ಟದ ಮೇಲಿತ್ತು. ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲು, ಬೆರಳಗಲದ ಟಯರು, ಹಿಂದೆ ಮುಂದೆ ಗೇರುಗಳು, ತೂಕ ಅಟ್ಲಾಸಿನ ಅರ್ಧಕ್ಕೂ ಕಡಿಮೆ. ಫೋನಿನಲ್ಲಿ ಕೇಳಿದೆ. "ದೊಡ್ಡಪ್ಪ, ಏನು ಬೇಕಾದ್ರೂ ಮಾಡಿ. ಬಿಚ್ಚಿದ್ದನ್ನ ಒಂದು ಡಬ್ಬಿಯಲ್ಲಿ ಹಾಕಿಡಿ, ಸಾಕು" ಎಂದು ನಕ್ಕ. ಅದರ ಪೆಡಲುಗಳು ಬೂಟಿಗೆ ಕಚ್ಚಿಕೊಳ್ಳುವ ಜಾತಿಯವು. ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ತಂತಿ ಕಟ್ಟಿದ ಮಂಡಿಗೆ ಆ ತಿರುಚು ಸಲ್ಲದು. ಪೆಡಲು ಬದಲಿಸಬೇಕಿತ್ತು. ಇಷ್ಟು ಕೆಲಸಕ್ಕೆ ಅಂಗಡಿಗೆ ಏಕೆ ಹೋಗುವುದೆಂದು ನಾನೇ ಪಾನಾ ಹಿಡಿದು ಕುಳಿತೆ.

ಬಲಗಡೆಯದು ಸುಲಭವಾಗಿ ಬಿಟ್ಟಿತು. ಎಡಗಡೆಯದು ಅಲುಗಲಿಲ್ಲ. ಎಣ್ಣೆ ಬಿಟ್ಟೆ, ಸುತ್ತಿಗೆಯಿಂದ ತಟ್ಟಿದೆ, ಬಲವೆಲ್ಲ ಹಾಕಿ ಎಳೆದೆ. ಪಾನಾ ಜಾರಿ ಗೆಣ್ಣುಗಳ ಚರ್ಮ ಕಿತ್ತುಬಂತು. ಕೊನೆಗೆ ಸೈಕಲ್ಲನ್ನು ಆಟೋದಲ್ಲಿ ಹಾಕಿಕೊಂಡು ಹಳೆಯ ಪೇಟೆಯ ಕಡೆಯ ಚಿಕ್ಕ ಸೈಕಲ್ ಷಾಪಿಗೆ ಹೋದೆ. ಷಾಪಿನ ಸಾಹೇಬರು ನನ್ನ ರಕ್ತದ ಬೆರಳನ್ನೂ ಪೆಡಲನ್ನೂ ನೋಡಿ, "ಗುರುಗಳೇ, ಎಡಗಡೆ ಪೆಡ್ಲಿಗೆ ಉಲ್ಟಾ ತಿರುಪು. ನೀವು ಬಿಚ್ಚೋಕೆ ಹೋಗಿ ಬಿಗಿ ಮಾಡ್ಕೊಂಡು ಬಂದೀರಿ" ಎಂದರು. ಕಾಲು ತುಳಿಯುತ್ತಿದ್ದಂತೆ ಪೆಡಲು ತಾನಾಗಿ ಸಡಿಲಗೊಳ್ಳದಿರಲೆಂದು ಎಡಗಡೆಯದಕ್ಕೆ ವಿರುದ್ಧ ದಿಕ್ಕಿನ ತಿರುಪು ಕೊರೆದಿರುತ್ತಾರೆ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ನಲವತ್ತು ವರ್ಷ ಸೈಕಲ್ ತುಳಿದವನಿಗೆ ಇದು ತಿಳಿದಿರಲಿಲ್ಲ.

ಸಾಹೇಬರು ಹಿಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವರು. 1941ರಲ್ಲಿ ಆರಂಭವಾದ ಆ ಕಾರ್ಖಾನೆಯ ಲೇತುಗಳು ದೇಶದಾದ್ಯಂತ ಹೆಸರಾಗಿದ್ದವು. ಅದು ಮುಚ್ಚಿ ಈಗ ಎರಡು ದಶಕವೇ ಆಯಿತು. ಪಾಳಿ ಬದಲಾಗುವ ಹೊತ್ತಿಗೆ ಹರಿಹರದ ರಸ್ತೆ ತುಂಬ ಸೈಕಲ್ಲುಗಳೇ ಇರುತ್ತಿದ್ದುದು, ಇತ್ತ ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ನಿಗೂ ಅದೇ ನೋಟ ಕಾಣುತ್ತಿದ್ದುದು ನಮ್ಮ ವಯಸ್ಸಿನವರಿಗೆ ನೆನಪಿದೆ. ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ಎರಡು ಗಾಲಿಗಳ ಮೇಲೆಯೇ ಕೆಲಸಕ್ಕೆ ಹೋಗಿಬರುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ಲೇತಿನ ಭಾಗಗಳನ್ನು ಕೂಡಿಸಿದ ಕೈ ಈಗ ಪಂಕ್ಚರ್ ಹಾಕುತ್ತದೆ. ಅವರಿಗೆ ಅದರಲ್ಲಿ ಖೇದ ಕಾಣಲಿಲ್ಲ, ಕಂಡದ್ದು ನನಗೆ.

ಒಂದು ತಿಂಗಳು ದಿನವೂ ಸಂಜೆ ಅವರ ಷಾಪಿನ ಸ್ಟೂಲಿನ ಮೇಲೆ ಕುಳಿತು ಕೆಲಸ ಕಲಿತೆ. ಗಾಲಿಯ ಬೆಂಡು ತೆಗೆಯುವುದು ಎಲ್ಲಕ್ಕಿಂತ ಸ್ವಾರಸ್ಯದ್ದು. ಸೈಕಲ್ಲಿನ ಭಾರವನ್ನು ಕಡ್ಡಿಗಳು ಕಂಬದಂತೆ ಹೊತ್ತಿವೆಯೆಂದು ನಾನು ತಿಳಿದಿದ್ದೆ. ಹಾಗಲ್ಲ. ಇಷ್ಟು ತೆಳುವಾದ ಕಡ್ಡಿ ಕಂಬವಾದರೆ ಬಾಗಿಹೋದೀತು. ಪ್ರತಿಯೊಂದನ್ನೂ ಮೊದಲೇ ಬಿಗಿಯಾಗಿ ಎಳೆದಿಟ್ಟಿರುವುದರಿಂದಲೇ ರಿಮ್ಮು ದುಂಡಗೆ ನಿಂತಿದೆ. ನಮ್ಮ ಹಳೆಯ ಸೈಕಲ್ಲುಗಳಿಗೆ ಮುಂದೆ 32, ಹಿಂದೆ 40 ಕಡ್ಡಿ. ರಿಮ್ಮು ಎಡಕ್ಕೆ ವಾಲಿದರೆ ಅಲ್ಲಿಯ ಬಲಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ಎಡಗಡೆಯದನ್ನು ಅಷ್ಟೇ ಸಡಿಲಿಸಬೇಕು. ನಾನು ಅವಸರದಿಂದ ಅರ್ಧ ಸುತ್ತು ಕೊಟ್ಟೆ. ಗಾಲಿ ಹಾವಿನಂತೆ ಹೊರಳಿತು. "ಕಾಲು ಸುತ್ತು ಅಂದ್ರೆ ಕಾಲು ಸುತ್ತು, ಗುರುಗಳೇ" ಎಂದು ಸಾಹೇಬರು ಮತ್ತೆ ಮೊದಲಿನಿಂದ ಸರಿಮಾಡಿದರು. ಅವರ ಎಡಗೈ ಗಾಲಿಯನ್ನು ಸ್ಥಿರವಾಗಿ ಹಿಡಿದಿರುತ್ತಿತ್ತು, ಬಲಗೈ ಮಾತ್ರ ಆಡುತ್ತಿತ್ತು. ಶಿವಯೋಗಮಂದಿರದಲ್ಲಿ ಬೂದಿ ಸೋಸಿ ವಿಭೂತಿಯ ಗಟ್ಟಿ ಕಟ್ಟುವಾಗ ಹಿರಿಯರು ನನಗೆ ತೋರಿಸಿದ್ದೂ ಅದನ್ನೇ. ಆಮೇಲಿನ ಐವತ್ತು ವರ್ಷ ಈ ಕೈಗಳು ಪುಸ್ತಕದ ಹಾಳೆಯನ್ನಲ್ಲದೆ ಬೇರೇನನ್ನೂ ತಿರುವಿರಲಿಲ್ಲ. ಕಾಯಕದ ಬಗ್ಗೆ ಮಾತನಾಡಿದ್ದಕ್ಕಂತೂ ಲೆಕ್ಕವಿಲ್ಲ.

ಮೊದಲ ವಾರ ಅವರು ಹೇಳಿದ್ದಕ್ಕಿಂತ ಹೆಚ್ಚು ಹಣ ಕೊಟ್ಟೆ. ಎಣಿಸಿ, ಹೆಚ್ಚಿನದನ್ನು ಹಿಂದಿರುಗಿಸಿದರು. ಆಯ್ದಕ್ಕಿ ಲಕ್ಕಮ್ಮನ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ಮುಂದಿನ ಟ್ಯೂಬನ್ನು ನೀರಿನಲ್ಲಿ ಅದ್ದಿಯಾಗಿತ್ತು.

ಈ ವಿಷಯದಲ್ಲಿ ಓದುತ್ತಿದ್ದಾಗ ಒಂದು ಪ್ರಸಂಗ ಸಿಕ್ಕಿತು. 1913ರಲ್ಲಿ ಫ್ರಾನ್ಸ್ ದೇಶದ ದೊಡ್ಡ ಸೈಕಲ್ ಸ್ಪರ್ಧೆಯಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬ ಸವಾರನ ಮುಂಗಾಲಿಯ ಕವಲು ಟೂರ್ಮಲೆ ಎಂಬ ಬೆಟ್ಟದ ಮೇಲೆ ಮುರಿಯಿತು. ಸವಾರ ತನ್ನ ಸೈಕಲ್ಲನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕು, ಅನ್ಯರ ನೆರವು ಕೂಡದು ಎಂಬುದು ಅಂದಿನ ನಿಯಮ. ಆತ ಸೈಕಲ್ಲನ್ನು ಹೊತ್ತು ಮೈಲಿಗಟ್ಟಲೆ ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಗೆ ಬಂದು, ತಾನೇ ಕಬ್ಬಿಣ ಕಾಯಿಸಿ ಬಡಿದು ಬೆಸೆದ. ಎರಡೂ ಕೈಗಳಲ್ಲಿ ಕೆಲಸವಿದ್ದುದರಿಂದ ಹುಡುಗನೊಬ್ಬನು ತಿದಿ ಒತ್ತಿದ. ಕಾವಲಿದ್ದ ಅಧಿಕಾರಿಗಳು ಅದನ್ನೂ ನೆರವೆಂದು ಪರಿಗಣಿಸಿ ದಂಡ ವಿಧಿಸಿದರು. ಅದೇ 1913ರಲ್ಲಿ ನಮ್ಮ ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದರು. ಎರಡಕ್ಕೂ ಸಂಬಂಧವಿಲ್ಲ, ವರ್ಷ ಮಾತ್ರ ಒಂದೇ. ಆದರೂ ಆ ತಿದಿಯ ಹುಡುಗನ ಕಥೆ ಓದಿದಾಗಲೆಲ್ಲ ನನಗೆ ಹ್ಯಾಂಡಲು ಹಿಡಿದು ನಿಂತ ನನ್ನ ಮನೆಯವರ ಮುಖ ಕಾಣುತ್ತದೆ.

ತಮ್ಮನ ಮಗನ ಸೈಕಲ್ಲಿನ ಗಾಲಿಗೆ ನಟ್ಟಿಲ್ಲ, ಒಂದು ಸಣ್ಣ ಸನ್ನೆಯಿದೆ. ಮಗುಚಿದರೆ ಗಾಲಿ ಕೈಗೆ ಬರುತ್ತದೆ. ಇಟಲಿಯ ಟೂಲಿಯೋ ಕಂಪಾನ್ಯೋಲೊ ಎಂಬಾತ 1927ರ ಚಳಿಗಾಲದ ಒಂದು ಸ್ಪರ್ಧೆಯಲ್ಲಿ ಹಿಮದಿಂದ ಬೆರಳು ಮರಗಟ್ಟಿ ನಟ್ಟು ಬಿಚ್ಚಲಾಗದೆ ಸೋತು, ಆಮೇಲೆ ಇದನ್ನು ಕಂಡುಹಿಡಿದನೆಂಬ ಕಥೆಯಿದೆ. ನಮ್ಮ ಚಳಿ ಅಂಥದ್ದಲ್ಲ. ಆದರೂ ತಂತಿಯಿರುವ ಮಂಡಿಗೆ ಬೆಳಗಿನ ಐದೂವರೆಯ ಗಾಳಿ ಚೆನ್ನಾಗಿ ಗುರುತು ಸಿಗುತ್ತದೆ. ಆದ್ದರಿಂದ ಮೊದಲು ಪಡಸಾಲೆಯ ಅಟ್ಲಾಸಿನ ಮೇಲೆ ಹತ್ತು ನಿಮಿಷ ತುಳಿದು ಕೀಲನ್ನು ಬೆಚ್ಚಗೆ ಮಾಡಿಕೊಂಡು, ಅನಂತರವೇ ಹೊರಗೆ ಹೊರಡುತ್ತೇನೆ. ಬಿಗಿ ಗೇರಿನಲ್ಲಿ ಬಲ ಹಾಕಿ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಹೆಚ್ಚು ಸುತ್ತು ತುಳಿಯುವುದು ಮಂಡಿಗೆ ಹಿತ. ಹತ್ತುವಾಗ ಸೈಕಲ್ಲನ್ನು ಪೂರ್ತಿ ಓರೆಮಾಡಿ ಕಾಲನ್ನು ತಗ್ಗಿನಲ್ಲಿಯೇ ದಾಟಿಸಬೇಕು. ಸಂಜೆ ಮಂಡಿ ಊದಿದರೆ ಮಂಜುಗಡ್ಡೆ ಇಡಬೇಕಂತೆ; ಪುಷ್ಯಮಾಸದಲ್ಲಿ ಇದಕ್ಕಿಂತ ಘೋರ ವ್ರತ ಇನ್ನೊಂದಿಲ್ಲ.

ಆರಂಭದಲ್ಲಿ ದೊಡ್ಡಬಾತಿಯವರೆಗೆ ಮಾತ್ರ ಹೋಗಿ, ಕೆರೆ ನೋಡಿ ಹಿಂದಿರುಗುತ್ತಿದ್ದೆ. ರಸ್ತೆಯ ಅಂಚಿನಲ್ಲಿ ಒಣಗಲು ಹರಡಿದ ಮೆಕ್ಕೆಜೋಳ ತೆಳುಗಾಲಿಗೆ ಮಹಾ ಅಪಾಯ. ಕಾಳಿನ ಮೇಲೆ ಹೋದರೆ ಗಾಲಿ ಪಾಚಿಯ ಮೇಲಿನ ಪಾದದಂತೆಯೇ ಜಾರುತ್ತದೆ. ಎರಡು ಬಾರಿ ಅಲ್ಲಿ ಇಳಿದು ತಳ್ಳಿಕೊಂಡು ಹೋದೆ. ಮೂಳೆ ಕೂಡಿದ್ದರೂ ಭಯ ಇನ್ನೂ ಕೂಡಿಕೊಂಡಿರಲಿಲ್ಲ ಎನ್ನಬೇಕು. ಕಾಳಿನ ರಾಶಿ ಕಂಡೊಡನೆ ಬೆರಳುಗಳು ತಾವಾಗಿ ಬ್ರೇಕನ್ನು ಹಿಡಿಯುತ್ತಿದ್ದವು.

ಕಳೆದ ವಾರ ಸಾಹೇಬರು ತಮ್ಮ ಹಳೆಯ ಸೈಕಲ್ಲಿನಲ್ಲಿ ಜೊತೆಗೆ ಬಂದರು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಮೂಡಲಿನಿಂದ ಬೀಸುತ್ತದೆ, ಹರಿಹರ ಪಡುವಲಿಗಿದೆ; ಹೋಗುವಾಗ ಗಾಳಿಯೇ ಬೆನ್ನು ತಳ್ಳಿತು. ನನ್ನ ಕಾಲಿನ ಶಕ್ತಿಯೆಂದೇ ಭಾವಿಸಿ ಉಬ್ಬಿದೆ. ಪೊಲಾಳ್ವ ದಂಡನಾಥ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ಬಳಸಿ ಹೊಳೆಯ ಕಡೆಗೆ ಹೋದೆವು. ಮೆಟ್ಟಿಲುಗಳು ಒಣಗಿದ್ದವು, ನೀರು ಕೆಳಗೆ ಸರಿದಿತ್ತು. ನಾನು ಇಳಿಯಲಿಲ್ಲ. ಸಾಹೇಬರು ಇಳಿದು ಬಾಟಲಿಯಲ್ಲಿ ನೀರು ತುಂಬಿ ತಂದು ಕಾಲಿಗೆ ಹಾಕಿದರು.

ಅಲ್ಲಿಂದ ಕಾರ್ಡಿನ ಮೇಲಿದ್ದ ವಿಳಾಸ ಹುಡುಕಿ ಆ ತಾಯಿಯ ಮನೆಗೆ ಹೋದೆ. ಎಂಬತ್ತು ದಾಟಿದ್ದಾರೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಹೆಸರು ಹೇಳಿ, ಕಾರ್ಡನ್ನು ತೋರಿಸಿ, ತಪ್ಪಾಯಿತು ತಾಯಿ, ನಾನು ಬರೆದದ್ದು ಸರಿಯಲ್ಲ ಎಂದೆ. ಅವರು ಕನ್ನಡಕ ಏರಿಸಿ ಓದಿ, "ಇದು ನಾನೇ ಬರ್ದಿದ್ದಾ? ನೆನಪೇ ಇಲ್ಲಪ್ಪ" ಎಂದರು. ಆಮೇಲೆ ನನ್ನ ಕುಂಟು ನಡಿಗೆಯನ್ನು ಗಮನಿಸಿ, "ನೆಲಕ್ಕೆ ಕೂರಬೇಡಿ ಸ್ವಾಮಿ, ಅಲ್ಲಿ ಇನ್ನೊಂದು ಕುರ್ಚಿ ಐತೆ, ಎಳ್ಕಳ್ಳಿ" ಎಂದು, ಬುಟ್ಟಿಯ ಅರ್ಧ ಅವರೆಕಾಯಿಯನ್ನು ನನ್ನ ಮಡಿಲಿಗೆ ಸುರಿದರು. ಚಹಾ ಬರುವವರೆಗೆ ನಾನೂ ಸಾಹೇಬರೂ ಸುಲಿದೆವು.

ಬರುವಾಗ ಗಾಳಿ ಎದುರು. ಹೋಗುವಾಗಿನ ನನ್ನ ಶಕ್ತಿಯ ಅಸಲು ಲೆಕ್ಕ ದೊಡ್ಡಬಾತಿಗೆ ಬರುವಷ್ಟರಲ್ಲಿ ತಿಳಿಯಿತು. ಸಾಹೇಬರು ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಿದರು, ನಾನು ಅವರ ನೆರಳು ಹಿಡಿದು ತುಳಿದೆ. ಕ್ರಿಸ್ತೋಫನ ಅಧಿಕಾರಿಗಳು ಕಂಡಿದ್ದರೆ ನನಗೂ ದಂಡ ಬೀಳುತ್ತಿತ್ತು. ಆ ಸಂಜೆ ಮಂಡಿ ಊದಿತು, ಮಂಜುಗಡ್ಡೆ ಬಂತು, ಮನೆಯವರಿಂದ ಸಿಗಬೇಕಾದದ್ದೂ ಸಿಕ್ಕಿತು.

ಈಗ ಮಂಡಿ 125 ಡಿಗ್ರಿ ಮಡಿಚುತ್ತದೆ. ನೆಲದ ಮೇಲೆ ಕೂರಲು ಅದು ಸಾಲದು. ಬಹುಶಃ ಸಾಲುವುದೂ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ಕುರ್ಚಿಯಲ್ಲಿ ಪೂಜೆ ಮುಗಿಸಿ ಸೈಕಲ್ ಹೊರಗೆ ತೆಗೆಯುತ್ತೇನೆ. ಎಡಗಡೆಯ ಪೆಡಲಿನಲ್ಲಿ ಸುತ್ತಿಗೊಮ್ಮೆ ಟಿಕ್ ಎಂಬ ಸದ್ದು ಬರುತ್ತಿದೆ. ಒಳಗಿನ ಗುಂಡು ಸವೆದಿರಬೇಕು ಎಂದು ನಾನು, ಅಲ್ಲ, ಅದು ಗುರುಗಳ ಮಂಡಿಯ ಸದ್ದು ಎಂದು ಸಾಹೇಬರು. ನಾಳೆ ಬಿಚ್ಚಿ ನೋಡುವವರಿದ್ದೇವೆ.